ಗುಮ್ಮಟ ಕಂಡರೆ ಊರು ಕಂಡಂತೆಯೇ?

ಫ್ಲಾರೆನ್ಸ್‌ಗೆ ಹೋಗಿಬಂದ ನಮ್ಮವರ ಪ್ರವಾಸಕಥನಗಳಲ್ಲಿ ಬ್ರುನೆಲೆಸ್ಕಿಯ ಗುಮ್ಮಟವಿರುತ್ತದೆ, ಉಫ್ಫೀಜಿಯ ಚಿತ್ರಶಾಲೆಯಿರುತ್ತದೆ. ಊಟದ ಪ್ರಸ್ತಾಪ ಬಂದಾಗ ಮಾತ್ರ ಟೂರ್ ಕಂಪನಿ ಬಡಿಸಿದ ಪನೀರಿನ ಗುಣಗಾನ. ‘ಸಸ್ಯಾಹಾರಿಗಳಿಗೆ ಅಲ್ಲೇನು ಸಿಗುತ್ತದೆ?’ ಎಂಬ ಸಮಜಾಯಿಷಿಯನ್ನು ನಾವು ಒಪ್ಪಲಾರೆವು. ಹಿಂದಿನ ದಿನದ ಬ್ರೆಡ್ಡು, ಬಿಳಿ ಬೀನ್ಸ್, ಕಪ್ಪು ಎಲೆಕೋಸುಗಳನ್ನು ಮತ್ತೆ ಕುದಿಸಿದ ರಿಬೊಲ್ಲೀತ, ಹಳೆಯ ಬ್ರೆಡ್ಡನ್ನೇ ಟೊಮೇಟೊ, ಬೆಳ್ಳುಳ್ಳಿ, ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಪಪ್ಪಾ ಅಲ್ ಪೊಮೊದೊರೊ, ಇವೆರಡೂ ಬಡವರ ಅಡುಗೆಮನೆಯಲ್ಲಿ ಹುಟ್ಟಿದವು. ಮಾಂಸದ ಕಟ್ಟು ಬಳಸಿದ್ದಾರೆಯೇ ಎಂದೊಮ್ಮೆ ಕೇಳಿಕೊಂಡರೆ ಸಾಕು. ತಂಗಳನ್ನವನ್ನು ಒಗ್ಗರಣೆಯಿಂದ ಬದುಕಿಸಬಲ್ಲ ನಮಗೆ ಈ ವಿವೇಕ ಪರಕೀಯವೇ?

1436ರಲ್ಲಿ ಪೂರ್ಣಗೊಂಡ ಆ ಗುಮ್ಮಟವನ್ನು ಕಟ್ಟುವಾಗ, ಕೆಲಸಗಾರರಿಗೆ ಇಳಿದು ಹತ್ತುವ ಶ್ರಮ ತಪ್ಪಲೆಂದು ಬ್ರುನೆಲೆಸ್ಕಿ ಮೇಲೆಯೇ ಅಡುಗೆಯ ವ್ಯವಸ್ಥೆ ಮಾಡಿಸಿದನೆಂದು 16ನೆಯ ಶತಮಾನದ ವಸಾರಿ ಬರೆದಿದ್ದಾನೆ. ಅಂದಮೇಲೆ ಗುಮ್ಮಟವನ್ನು ಕೊಂಡಾಡಿ, ಅದನ್ನು ಕಟ್ಟಿದ ಊರಿನ ಊಟಕ್ಕೆ ಮೂಗು ಮುರಿಯುವುದು ಎಂಥ ರಸಿಕತೆ?

ಜೋಳದ ರೊಟ್ಟಿ, ರಾಗಿ ಮುದ್ದೆ, ಪತ್ರೊಡೆಗಳನ್ನೆಲ್ಲ ದೆಹಲಿಯಲ್ಲಿ ಯಾರಾದರೂ ‘ಮದ್ರಾಸಿ ಊಟ’ ಎಂದು ಒಂದೇ ತಟ್ಟೆಗೆ ಸುರಿದರೆ ಕೆರಳುವವರು ನಾವು. ಪರರ ಊರಿನ ತಟ್ಟೆಯನ್ನು ಮುಟ್ಟಿಯೂ ನೋಡದೆ ‘ಆ ಊರು ನೋಡಿಬಂದೆವು’ ಎನ್ನುವ ಹಕ್ಕು ನಮಗೆಲ್ಲಿಯದು?