ಹಂಡೆಯ ತಾಮ್ರವೂ ಒಲೆಯ ಗಾಳಿಯೂ

ಹಳೆಯ ಮನೆಯ ಬಚ್ಚಲನ್ನು ಕಂಡವರಿಗೆ ಹಂಡೆಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಒಲೆಯ ಮೇಲೆ ಕೂಡಿಸಿದ ದೊಡ್ಡ ಹಂಡೆ, ಕೆಳಗೆ ತೆಂಗಿನ ಗರಿಯ ಅಥವಾ ಸೌದೆಯ ಉರಿ, ಗೋಡೆಯ ತುಂಬ ಮಸಿ. ಪೇಟೆಗಳಲ್ಲಿ ಅನಿಲದ ಒಲೆಯೂ ವಿದ್ಯುತ್ ಕಾಯಕವೂ ಅದರ ಸ್ಥಾನವನ್ನು ಆಕ್ರಮಿಸಿರುವುದು ನಿಜ. ಆದರೂ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಸ್ನಾನದ ನೀರು ಇಂದಿಗೂ ಸೌದೆಯಿಂದಲೇ ಕಾಯುತ್ತದೆ.

ತಾಮ್ರದ ಹಂಡೆಯಲ್ಲಿ ನೀರು ಬೇಗ ಕಾಯುತ್ತದೆ ಎಂಬ ಮಾತನ್ನು ನಾನು ಚಿಕ್ಕಂದಿನಲ್ಲಿ ಅಜ್ಜಿಯ ಬಾಯಿಂದ ಕೇಳಿದ್ದೆ. ಪ್ರೌಢಶಾಲೆಗೆ ಬಂದಾಗ ಭೌತವಿಜ್ಞಾನದ ಪಾಠವೂ ಅದನ್ನೇ ಸಮರ್ಥಿಸುವಂತೆ ತೋರಿತು. ತಾಮ್ರದ ಉಷ್ಣವಾಹಕತೆ ಕಬ್ಬಿಣದ್ದಕ್ಕಿಂತ ಏಳೆಂಟು ಮಡಿ ಹೆಚ್ಚು. ಆದುದರಿಂದ ತಾಮ್ರದ ಹಂಡೆಯೇ ಶ್ರೇಷ್ಠ. ತರ್ಕ ಸರಳವಾಗಿದೆ. ಆದರೆ ತಪ್ಪಾಗಿದೆ. ಈ ತಪ್ಪು ಎಲ್ಲಿದೆ, ಅದನ್ನು ವಿದ್ಯಾರ್ಥಿಗಳು ತಿಳಿಯುವುದು ಏಕೆ ಅತ್ಯಗತ್ಯ ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಉರಿಯಿಂದ ನೀರಿಗೆ ಹೋಗುವ ಉಷ್ಣ ಮೂರು ಗಡಿಗಳನ್ನು ದಾಟಬೇಕು. ಮೊದಲನೆಯದು, ಹಂಡೆಯ ಹೊರಮೈಗೆ ಅಂಟಿಕೊಂಡಂತಿರುವ ಬಿಸಿಗಾಳಿಯ ಪದರ. ಎರಡನೆಯದು, ಲೋಹದ ಗೋಡೆ. ಮೂರನೆಯದು, ಒಳಮೈಗೆ ತಾಗಿರುವ ನೀರಿನ ಪದರ. ಪ್ರತಿಯೊಂದು ಗಡಿಯೂ ಉಷ್ಣದ ಹಾದಿಗೆ ಒಂದಿಷ್ಟು ಅಡ್ಡಿಯನ್ನು ಒಡ್ಡುತ್ತದೆ. ಒಂದರ ಹಿಂದೊಂದು ಜೋಡಿಸಿದ ವಿದ್ಯುತ್ ರೋಧಗಳಂತೆ ಈ ಅಡ್ಡಿಗಳನ್ನೂ ಕೂಡಿಸಬೇಕಾಗುತ್ತದೆ.

ಈಗ ಅಂಕಿಗಳನ್ನು ಹಾಕಿ ನೋಡೋಣ. ಗಾಳಿಗೂ ಲೋಹಕ್ಕೂ ನಡುವೆ ಪ್ರತಿಯೊಂದು ಡಿಗ್ರಿ ಅಂತರಕ್ಕೆ, ಚದರ ಮೀಟರಿಗೆ ಸುಮಾರು 25 ವಾಟ್ ಉಷ್ಣ ದಾಟುತ್ತದೆ ಎಂದು ಇಟ್ಟುಕೊಳ್ಳಬಹುದು. ಕಾಯುತ್ತಿರುವ ನೀರಿನ ಕಡೆ ಇದು ಸುಮಾರು 1,000 ವಾಟ್. 2 ಮಿಲಿಮೀಟರ್ ದಪ್ಪದ ಕಬ್ಬಿಣದ ಗೋಡೆಯಲ್ಲಿ ಸುಮಾರು 25,000 ವಾಟ್. ಅಷ್ಟೇ ದಪ್ಪದ ತಾಮ್ರದಲ್ಲಿ ಸುಮಾರು 2 ಲಕ್ಷ ವಾಟ್. ಅಡ್ಡಿಯೆಂಬುದು ಇದರ ವಿಲೋಮ. ನೀರಿನ ಪದರದ ಅಡ್ಡಿಯನ್ನು 1 ಎಂದು ಎಣಿಸಿದರೆ, ಗಾಳಿಯ ಪದರದ ಅಡ್ಡಿ 40, ಕಬ್ಬಿಣದ್ದು 0.04, ತಾಮ್ರದ್ದು 0.005. ಕೂಡಿಸಿದರೆ ಕಬ್ಬಿಣದ ಹಂಡೆಗೆ 41.04, ತಾಮ್ರದ ಹಂಡೆಗೆ 41.005. ವ್ಯತ್ಯಾಸ ಸಾವಿರಕ್ಕೆ ಒಂದು ಪಾಲೂ ಇಲ್ಲ! ತಾಮ್ರದ ಹಂಡೆಯಲ್ಲಿ ನಲವತ್ತು ನಿಮಿಷದಲ್ಲಿ ಕಾಯುವ ನೀರು, ಅದೇ ಗಾತ್ರದ, ಅದೇ ಉರಿಯ ಕಬ್ಬಿಣದ ಹಂಡೆಯಲ್ಲಿ ಎರಡು ಸೆಕೆಂಡು ತಡವಾಗಿ ಕಾದೀತು.

ಉರಿ ಪ್ರಬಲವಾಗಿದ್ದು ಕೆಂಡದ ವಿಕಿರಣವೂ ಸೇರಿದರೆ ಗಾಳಿಯ ಕಡೆಯ ಅಡ್ಡಿ ಇಳಿಯುತ್ತದೆ, ನಿಜ. ಅದು ನಾಲ್ಕನೆಯ ಒಂದು ಪಾಲಿಗೆ ಇಳಿಯಿತೆಂದೇ ಎಣಿಸಿದರೂ ತಾಮ್ರಕ್ಕೆ ದೊರೆಯುವ ಲಾಭ ಸಾವಿರಕ್ಕೆ ಸುಮಾರು ಮೂರು ಪಾಲು ಮಾತ್ರ. ಹಾಗೆಂದ ಮಾತ್ರಕ್ಕೆ ಅಜ್ಜಿಯ ತಾಮ್ರವನ್ನು ಹಳಿಯಬೇಕಾಗಿಲ್ಲ. ತಾಮ್ರ ಕಬ್ಬಿಣದಂತೆ ತುಕ್ಕು ಹಿಡಿಯದು, ತಲೆಮಾರುಗಳ ಕಾಲ ಬಾಳುತ್ತದೆ. ಅಡಿಗೆಯ ಪಾತ್ರೆಯಾದರೆ ತಳದಲ್ಲೆಲ್ಲ ಕಾವನ್ನು ಸಮವಾಗಿ ಹರಡುತ್ತದೆ. ಅದರ ಹಿರಿಮೆ ಇರುವುದು ಇಂಥ ಗುಣಗಳಲ್ಲಿ, ನೀರನ್ನು ಬೇಗ ಕಾಯಿಸುವುದರಲ್ಲಲ್ಲ.

ಹಾಗಾದರೆ ನಿಜವಾದ ಅಡ್ಡಿ ಗಾಳಿಯದು. ಕಣ್ಣಿಗೆ ಕಾಣದ, ಕೈಗೆ ಸಿಗದ ಆ ತೆಳುಪದರವೇ ನಮ್ಮ ಸೌದೆಯನ್ನು ನುಂಗುತ್ತಿದೆ. ಅದರ ಸ್ವಭಾವವೇನು?

ಇದಕ್ಕೆ ಉತ್ತರ ದೇವರ ಮನೆಯಲ್ಲೇ ಇದೆ. ಗಾಳಿಯಾಡದ ಕೋಣೆಯಲ್ಲಿ ಒಂದು ಊದುಬತ್ತಿಯನ್ನು ಹಚ್ಚಿಟ್ಟು ನೋಡಿರಿ. ಹೊಗೆ ಮೊದಲು ನೂಲೆಳೆಯಂತೆ ನೆಟ್ಟಗೆ ಏರುತ್ತದೆ. ಸ್ವಲ್ಪ ಮೇಲಕ್ಕೆ ಹೋದೊಡನೆ ತೂಗಾಡಿ, ಸುರುಳಿ ಸುತ್ತಿ, ಚದುರಿಹೋಗುತ್ತದೆ. ಕೆಳಗಿನದು ಪದರಪದರವಾಗಿ ಸಾಗುವ ಶಾಂತ ಪ್ರವಾಹ; ಮೇಲಿನದು ಪ್ರಕ್ಷುಬ್ಧ ಪ್ರವಾಹ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕನಾಗಿದ್ದ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಹರಿಯುವ ನೀರಿನೊಳಕ್ಕೆ ಬಣ್ಣದ ಎಳೆಯೊಂದನ್ನು ಬಿಟ್ಟು ಈ ಎರಡು ಸ್ಥಿತಿಗಳನ್ನೂ ಪರೀಕ್ಷಿಸಿ, ತನ್ನ ಫಲಿತಾಂಶಗಳನ್ನು 1883ರಲ್ಲಿ ಪ್ರಕಟಿಸಿದನು. ವೇಗ, ಕೊಳವೆಯ ವ್ಯಾಸ, ದ್ರವದ ಸಾಂದ್ರತೆ ಇವುಗಳ ಗುಣಲಬ್ಧವನ್ನು ದ್ರವದ ಸ್ನಿಗ್ಧತೆಯಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಇಂದು ಅವನದೇ ಹೆಸರು. ಕೊಳವೆಯಲ್ಲಿ ಅದು ಸುಮಾರು 2,000ಕ್ಕಿಂತ ಕಡಮೆಯಿದ್ದರೆ ಪ್ರವಾಹ ಶಾಂತ. ಅದನ್ನು ಬಹಳವಾಗಿ ಮೀರಿದರೆ ಸಾಮಾನ್ಯವಾಗಿ ಪ್ರಕ್ಷುಬ್ಧ.

ಆದರೆ ಎಂಥ ಪ್ರಕ್ಷುಬ್ಧ ಪ್ರವಾಹದಲ್ಲಿಯೂ ಗೋಡೆಗೆ ತಾಗಿದ ದ್ರವ ಗೋಡೆಯೊಡನೆಯೇ ನಿಂತಿರುತ್ತದೆ. ಅಲ್ಲಿಂದ ಪೂರ್ಣವೇಗದ ಪ್ರವಾಹದವರೆಗೆ ಇರುವ ತೆಳುವಾದ ಸೀಮಾಸ್ತರದ ಮಹತ್ತ್ವವನ್ನು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ತೋರಿಸಿಕೊಟ್ಟನು. ಹಂಡೆಯ ಹೊರಗಿನ ಗಾಳಿಯ ಅಡ್ಡಿ ಇರುವುದು ಈ ಸೀಮಾಸ್ತರದಲ್ಲಿ. ಗಾಳಿ ಉಷ್ಣದ ಅತಿ ದುರ್ಬಲ ವಾಹಕ. ಆ ಪದರವನ್ನು ತೆಳುವಾಗಿಸಿದಷ್ಟೂ ಉಷ್ಣ ಸುಲಭವಾಗಿ ದಾಟುತ್ತದೆ. ತೆಳುವಾಗಿಸುವ ಉಪಾಯ ಒಂದೇ: ಪ್ರವಾಹದ ವೇಗವನ್ನು ಹೆಚ್ಚಿಸಿ ಅದನ್ನು ಕಲಕುವುದು. ಬಿಸಿ ಕಾಫಿಯನ್ನು ಊದಿ ಆರಿಸುವ ಮಗು ಈ ತತ್ತ್ವವನ್ನು ಪುಸ್ತಕವಿಲ್ಲದೆಯೇ ಬಲ್ಲದು.

ಆದರೆ ವೇಗವೆಂಬುದು ಪುಕ್ಕಟೆಯಾಗಿ ದೊರೆಯುವ ವಸ್ತುವಲ್ಲ. ಕೊಳವೆಯೊಂದರಲ್ಲಿ ಪ್ರಕ್ಷುಬ್ಧವಾಗಿ ಹರಿಯುವ ನೀರಿನ ವೇಗವನ್ನು ಇಮ್ಮಡಿಗೊಳಿಸಿದರೆ, ಗೋಡೆಯ ಬಳಿ ಉಷ್ಣ ದಾಟುವ ಸೌಲಭ್ಯ ಸುಮಾರು ಒಂದೂಮುಕ್ಕಾಲು ಮಡಿ ಆಗುತ್ತದೆ; ಪಂಪು ತಿನ್ನುವ ಶಕ್ತಿಯಾದರೋ ಸುಮಾರು ಏಳು ಮಡಿ! ಉಷ್ಣವನ್ನು ಗಳಿಸಲು ಹೊರಟು ವಿದ್ಯುತ್ತನ್ನು ಕಳೆದುಕೊಳ್ಳುವ ಅಪಾಯ ಇಲ್ಲಿದೆ. ಉಷ್ಣದ ಪಾಠವನ್ನೂ ಪ್ರವಾಹದ ಪಾಠವನ್ನೂ ಬೇರೆ ಬೇರೆ ಪುಸ್ತಕಗಳಲ್ಲಿಟ್ಟು ಕಲಿಸುವ ಪದ್ಧತಿ ನನಗೆ ಒಪ್ಪಿಗೆಯಾಗದಿರುವುದಕ್ಕೆ ಇದೇ ಕಾರಣ. ಯಂತ್ರದಲ್ಲಿ ಅವು ಎರಡಲ್ಲ, ಒಂದೇ.

ಇನ್ನೊಂದು ಉದಾಹರಣೆಯನ್ನು ನೋಡೋಣ. ನಮ್ಮ ಅನೇಕ ಊರುಗಳ ಕೊಳವೆಬಾವಿಯ ನೀರು ಗಡಸು. ಕಾಯಿಸಿದ ಪಾತ್ರೆಯ ಒಳಗೆ ಸುಣ್ಣದ ಹಕ್ಕಳೆ ಕಟ್ಟುತ್ತದೆ. ಒಂದು ಮಿಲಿಮೀಟರ್ ದಪ್ಪದ ಹಕ್ಕಳೆಯ ಅಡ್ಡಿ, ನಮ್ಮ ಹಿಂದಿನ ಲೆಕ್ಕದಲ್ಲಿ, ಸುಮಾರು 1. ಹಂಡೆಯಲ್ಲಿ 41 ಇದ್ದದ್ದು 42 ಆಯಿತು, ಅಂಜಬೇಕಾಗಿಲ್ಲ. ಹೊರಗಿನ ದಪ್ಪ ಮಸಿಯೇ ಹೆಚ್ಚು ಕೆಡುಕಿನದು: ಸಡಿಲವಾದ ಮಸಿ ಒಂದು ಮಿಲಿಮೀಟರ್ ಕೂಡಿದರೆ ಅದರ ಅಡ್ಡಿ ಸುಮಾರು 10 ಆದೀತು.

ಈಗ ಹಂಡೆಯನ್ನು ಬಿಟ್ಟು, ಕೃಷ್ಣಾ ನದಿಯ ದಂಡೆಯ ಶಕ್ತಿನಗರಕ್ಕೆ ಬರೋಣ. ಅಲ್ಲಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಕೆಲಸಮಾಡಲು ತೊಡಗಿತು. ಅದರ ಸಾಮರ್ಥ್ಯ 210 ಮೆಗಾವಾಟ್. ಆ ಗಾತ್ರದ ಯಾವುದೇ ಕಲ್ಲಿದ್ದಲಿನ ಘಟಕವನ್ನು ತೆಗೆದುಕೊಂಡರೂ, ಟರ್ಬೈನನ್ನು ತಿರುಗಿಸಿ ಹೊರಬರುವ ಉಗಿಯನ್ನು ಮತ್ತೆ ನೀರಾಗಿಸುವ ಸಾಂದ್ರಕದಲ್ಲಿ ಸುಮಾರು 300 ಮೆಗಾವಾಟ್ ಉಷ್ಣವನ್ನು ತಂಪುನೀರಿಗೆ ಒಪ್ಪಿಸಬೇಕಾಗುತ್ತದೆ. ಆ ನೀರಿನ ಉಷ್ಣತೆ 10 ಡಿಗ್ರಿ ಏರಬಹುದೆಂದರೆ, ಪ್ರತಿ ಸೆಕೆಂಡಿಗೆ ಏಳು ಟನ್ ನೀರು ಹರಿಯಬೇಕು!

ಸಾಂದ್ರಕದ ಕೊಳವೆಗಳಲ್ಲಿ ಗಾಳಿಯಿಲ್ಲ. ಒಂದು ಬದಿಗೆ ನೀರಾಗುತ್ತಿರುವ ಉಗಿ, ಇನ್ನೊಂದು ಬದಿಗೆ ವೇಗವಾಗಿ ಹರಿಯುವ ನೀರು. ಉಗಿಯ ಕಡೆ ಅಡ್ಡಿ ಸುಮಾರು 0.1, ನೀರಿನ ಕಡೆ ಸುಮಾರು 0.2, ಲೋಹದ್ದು ಇನ್ನೂ ಸ್ವಲ್ಪ. ಒಟ್ಟು 0.3ಕ್ಕೆ ಸಮೀಪ. ಇಂಥಲ್ಲಿ ಒಂದು ಮಿಲಿಮೀಟರ್ ಹಕ್ಕಳೆ ಕಟ್ಟಿದರೆ ಏನಾಗುತ್ತದೆ? 0.3 ಇದ್ದ ಅಡ್ಡಿ 1.3ಕ್ಕೆ ಏರುತ್ತದೆ, ಎಂದರೆ ನಾಲ್ಕು ಮಡಿಗೂ ಮೀರುತ್ತದೆ. ಕಾಲು ಮಿಲಿಮೀಟರ್ ಸಾಕು, ಅಡ್ಡಿ ಹತ್ತಿರ ಹತ್ತಿರ ಇಮ್ಮಡಿಯಾಗಲು. ಉಷ್ಣ ಹೊರಹೋಗಲೇಬೇಕಾದ್ದರಿಂದ ಉಗಿಯ ಉಷ್ಣತೆ ಏರುತ್ತದೆ. ಅದರೊಡನೆ ಸಾಂದ್ರಕದೊಳಗಿನ ಒತ್ತಡವೂ ಏರುತ್ತದೆ. ಟರ್ಬೈನಿನಿಂದ ದೊರೆಯುವ ಕೆಲಸ ಕುಗ್ಗುತ್ತದೆ. ಅಷ್ಟೇ ವಿದ್ಯುತ್ತಿಗೆ ಹೆಚ್ಚು ಕಲ್ಲಿದ್ದಲನ್ನು ಸುಡಬೇಕಾಗುತ್ತದೆ. ಹಂಡೆಯಲ್ಲಿ ನಿರುಪದ್ರವಿಯಾಗಿದ್ದ ಅದೇ ಸುಣ್ಣ ಇಲ್ಲಿ ಮಹಾಶತ್ರು. ವಸ್ತು ಒಂದೇ, ಅದು ಕುಳಿತ ಸ್ಥಳ ಬೇರೆ.

ನನ್ನ ವಾದದ ತಿರುಳು ಇಷ್ಟೇ. ಉಷ್ಣಯಂತ್ರಗಳ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವ ಸೂತ್ರ?’ ಎಂಬುದಲ್ಲ; ‘ದೊಡ್ಡ ಅಡ್ಡಿ ಎಲ್ಲಿದೆ?’ ಎಂಬುದು. ಚಿಕ್ಕ ಅಡ್ಡಿಯನ್ನು ನಿವಾರಿಸಲು ಎಷ್ಟು ಹಣ ಸುರಿದರೂ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕಾಲೇಜುಗಳಲ್ಲಿ ಇಂದು ಗಣಕಯಂತ್ರಗಳು ಪ್ರವಾಹದ ಬಣ್ಣಬಣ್ಣದ ಚಿತ್ರಗಳನ್ನು ಕ್ಷಣಾರ್ಧದಲ್ಲಿ ಬರೆದುಕೊಡುತ್ತವೆ. ಅವುಗಳ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಕೈಲೆಕ್ಕದಿಂದ ಬಿಡಿಸಲಾಗದ ಸಮಸ್ಯೆಗಳನ್ನು ಅವು ಬಿಡಿಸುತ್ತವೆ. ಆದರೆ ಗಾಳಿಯ ಅಡ್ಡಿ ನಲವತ್ತು, ತಾಮ್ರದ್ದು ಶೂನ್ಯಪ್ರಾಯ ಎಂಬುದನ್ನು ಒಮ್ಮೆಯೂ ತಾನೇ ಕೂಡಿ ಕಳೆದು ನೋಡದ ವಿದ್ಯಾರ್ಥಿ, ಆ ಚಿತ್ರವನ್ನು ಕಂಡು ತಾಮ್ರವನ್ನೇ ಕೊಂಡು ತಂದಾನು. ಯಂತ್ರ ಉತ್ತರ ಕೊಡುತ್ತದೆ. ಪ್ರಶ್ನೆಯನ್ನು ಮನುಷ್ಯನೇ ಕೇಳಬೇಕು.

ಪ್ರಶ್ನೆಯನ್ನು ಸರಿಯಾಗಿ ಕೇಳಿದವರ ನಿದರ್ಶನ ನಮ್ಮಲ್ಲೇ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ, ಗ್ರಾಮಗಳಿಗೆ ವಿಜ್ಞಾನವನ್ನು ಅನ್ವಯಿಸುವ ಸಲುವಾಗಿ ‘ಅಸ್ತ್ರ’ ಎಂಬ ಕೇಂದ್ರ ಸ್ಥಾಪಿತವಾಯಿತು. ಅಲ್ಲಿಯ ವಿಜ್ಞಾನಿಗಳು ರೂಪಿಸಿದ ಅಸ್ತ್ರ ಒಲೆ ಪ್ರಸಿದ್ಧವಾದುದು. ಅವರು ಪಾತ್ರೆಯ ಲೋಹವನ್ನು ಬದಲಾಯಿಸಲಿಲ್ಲ; ಗಾಳಿಯ ಹಾದಿಯನ್ನು ಬದಲಾಯಿಸಿದರು. ಉರಿಗೆ ಕೆಳಗಿನಿಂದ ತಕ್ಕಷ್ಟು ಗಾಳಿ ಬರುವಂತೆ ಜಾಲರಿ. ಬಿಸಿಗಾಳಿ ಒಂದು ಪಾತ್ರೆಯನ್ನು ಸವರಿ ಸುಮ್ಮನೆ ಹೊರಟುಹೋಗದೆ, ಒಂದರ ಹಿಂದೊಂದಾಗಿ ಮೂರು ಪಾತ್ರೆಗಳ ಅಡಿಯಲ್ಲಿ ಸಾಗುವಂತೆ ಕಾಲುವೆ. ಕೊನೆಗೆ ಅದನ್ನು ಸೆಳೆದು, ಹೊಗೆಯನ್ನು ಅಡಿಗೆಮನೆಯ ಹೊರಗೆ ಚೆಲ್ಲುವ ಚಿಮಣಿ.

ಇಲ್ಲಿಯೂ ಪಂಪಿನ ಕಥೆಯೇ ಪುನರಾವರ್ತನೆಯಾಗುತ್ತದೆ. ಪಾತ್ರೆಗೂ ಒಲೆಯ ಗೋಡೆಗೂ ನಡುವಣ ಸಂದು ಕಿರಿದಾದಷ್ಟೂ ಗಾಳಿ ವೇಗವಾಗಿ ಉಜ್ಜಿಕೊಂಡು ಹೋಗಿ ಹೆಚ್ಚು ಉಷ್ಣವನ್ನು ಕೊಡುತ್ತದೆ. ಆದರೆ ತೀರ ಕಿರಿದಾದರೆ ಚಿಮಣಿಯ ಸೆಳೆತ ಸಾಲದೆ ಹೊಗೆ ಹಿಂದಕ್ಕೆ ಹೊರಳಿ, ಅಡಿಗೆ ಮಾಡುವ ತಾಯಿಯ ಕಣ್ಣಿಗೂ ಶ್ವಾಸಕೋಶಕ್ಕೂ ಹೋಗುತ್ತದೆ. ಬೆರಳಗಲದ ಅಳತೆ ತಪ್ಪಿದರೆ ಒಳ್ಳೆಯ ಒಲೆಯೂ ಕೆಟ್ಟ ಒಲೆಯಾಗುತ್ತದೆ. ದ್ರವಪ್ರವಾಹ ವಿಜ್ಞಾನ ಇಲ್ಲಿ ಪರೀಕ್ಷೆಯ ವಿಷಯವಲ್ಲ, ಮನೆಯವರ ಆರೋಗ್ಯದ ವಿಷಯ. ಒಲೆಯ ವಿಜ್ಞಾನ ರಾಕೆಟ್ಟಿನ ವಿಜ್ಞಾನಕ್ಕಿಂತ ಕೀಳೆಂದು ಭಾವಿಸುವವರು ನಮ್ಮ ವಿದ್ಯಾವಂತರಲ್ಲಿ ಅನೇಕರಿದ್ದಾರೆ. ಎರಡರಲ್ಲಿಯೂ ಇರುವುದು ಅದೇ ಸೀಮಾಸ್ತರ ಎಂಬುದನ್ನು ಅವರಿಗೆ ನೆನಪಿಸಬೇಕಾಗಿದೆ.

ಆದುದರಿಂದ ನನ್ನ ಸಲಹೆ: ಈ ವಿಷಯದ ಮೊದಲ ಪಾಠ ಕಪ್ಪುಹಲಗೆಯ ಮುಂದೆ ಅಲ್ಲ, ಒಲೆಯ ಮುಂದೆ ನಡೆಯಲಿ. ಬೇಕಾಗುವ ಸಲಕರಣೆ ಒಂದು ತಕ್ಕಡಿ, ಒಂದು ಉಷ್ಣಮಾಪಕ, ಒಂದು ಗಡಿಯಾರ. ಹತ್ತು ಲೀಟರ್ ನೀರನ್ನು 25 ಡಿಗ್ರಿಯಿಂದ 75 ಡಿಗ್ರಿಗೆ ಕಾಯಿಸಲು ಬೇಕಾದದ್ದು ಸುಮಾರು 2,100 ಕಿಲೋಜೌಲ್ ಉಷ್ಣ. ಒಂದು ಕಿಲೋ ಒಣಸೌದೆ ಪೂರ್ತಿ ಉರಿದರೆ ಹೊರಬೀಳುವುದು ಸುಮಾರು 16,000 ಕಿಲೋಜೌಲ್. ನಿಮ್ಮ ಮನೆಯ ಒಲೆ ಇಷ್ಟು ನೀರಿಗೆ ಒಂದು ಕಿಲೋ ಸೌದೆಯನ್ನು ತಿಂದಿತೆಂದರೆ, ನೀರಿಗೆ ಸೇರಿದ್ದು ನೂರಕ್ಕೆ 13 ಪಾಲು ಮಾತ್ರ. ಉಳಿದ 87 ಪಾಲು ಎಲ್ಲಿ ಹೋಯಿತು? ಗಾಳಿಯ ಸಂಗಡ ಎಷ್ಟು, ಒಲೆಯ ಮಣ್ಣಿಗೆ ಎಷ್ಟು, ಉರಿಯದ ಹೊಗೆಯಾಗಿ ಎಷ್ಟು? ಮಸಿಯನ್ನು ಕೆರೆದು ಮತ್ತೊಮ್ಮೆ ಅಳೆಯಿರಿ. ಒಲೆಯ ಬಾಯಿಯನ್ನು ಅರ್ಧ ಮುಚ್ಚಿ ಇನ್ನೊಮ್ಮೆ ಅಳೆಯಿರಿ. ಬಂದ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ.

ಇಷ್ಟು ಮಾಡಿದ ವಿದ್ಯಾರ್ಥಿಗೆ ಮುಂದೆ ಸಾಂದ್ರಕವಾಗಲಿ ಕುದಿಪಾತ್ರೆಯಾಗಲಿ ಅಪರಿಚಿತವೆನಿಸದು. ಅಷ್ಟರೊಳಗೆ ಅವನ ಅಥವಾ ಅವಳ ಮನೆಯಲ್ಲಿ ದಿನಕ್ಕೆ ಒಂದೆರಡು ಸೌದೆಯ ಕೊರಡುಗಳು ಉಳಿದಿದ್ದರೆ, ಆ ಪಾಠಕ್ಕೆ ಬೇರೆ ಅಂಕಪಟ್ಟಿ ಬೇಕಾಗಿಲ್ಲ.