ತರಬೇತಿ ಕೇಂದ್ರದ ನಕ್ಷೆಯಲ್ಲೇ ವಿದ್ಯುತ್ ಉಳಿಯಲಿ



ವೃತ್ತಿಪರ ತಂಡವೊಂದು ತನ್ನ ತವರು ಕ್ರೀಡಾಂಗಣದಲ್ಲಿ ಆಡುವುದು ವರ್ಷಕ್ಕೆ ಕೆಲವೇ ದಿನ. ಆಟಗಾರ ರೂಪುಗೊಳ್ಳುವುದು ತರಬೇತಿ ಕೇಂದ್ರದಲ್ಲಿ. ಅಲ್ಲಿ ಜಿಮ್, ಐಸ್ ಬಾತ್, ಬಿಸಿನೀರು, ಬಟ್ಟೆ ಒಗೆಯುವ ಯಂತ್ರ, ಅಡುಗೆಮನೆ, ಹುಲ್ಲಿಗೆ ನೀರುಣಿಸುವ ಪಂಪು ಎಲ್ಲವೂ ಪಂದ್ಯವಿರಲಿ, ಇಲ್ಲದಿರಲಿ ನಡೆಯುತ್ತಲೇ ಇರುತ್ತವೆ. ಪಂದ್ಯದ ರಾತ್ರಿಯ ಫ್ಲಡ್‌ಲೈಟ್ ಊರಿಗೆಲ್ಲ ಕಾಣುತ್ತದೆ. ತರಬೇತಿ ಕೇಂದ್ರದ ಮೀಟರ್ ಯಾರಿಗೂ ಕಾಣುವುದಿಲ್ಲ.

ನಮ್ಮ ಒತ್ತಾಯ ಇಷ್ಟೇ. ಕರ್ನಾಟಕದಲ್ಲಿ ಇನ್ನು ಮುಂದೆ ಕ್ರಿಕೆಟ್, ಫುಟ್‌ಬಾಲ್, ಕಬಡ್ಡಿ ಹೀಗೆ ಯಾವ ತಂಡ ತರಬೇತಿ ಕೇಂದ್ರ ಕಟ್ಟಿದರೂ, ವಿದ್ಯುತ್ ಮತ್ತು ನೀರಿನ ಉಳಿತಾಯ ನಕ್ಷೆ ಬರೆಯುವಾಗಲೇ ತೀರ್ಮಾನವಾಗಬೇಕು. ಕಟ್ಟಡ ಮುಗಿದ ಮೇಲೆ ಚಾವಣಿಗೆ ಸೋಲಾರ್ ಹಾಕಿಸಿ ಕೈತೊಳೆದುಕೊಳ್ಳುವುದು ಸಾಲದು.

ಸೋಲಾರ್ ಬೇಡವೆಂದಲ್ಲ, ಬೇಕೇ ಬೇಕು. 2015ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗ್ಯಾಲರಿ ಚಾವಣಿಯ ಮೇಲೆ 400 ಕಿಲೋವಾಟ್ ಸಾಮರ್ಥ್ಯದ ಸೌರ ಘಟಕ ಬಂತು. ನಮ್ಮ ಬಿಸಿಲಿಗೆ ಒಂದು ಕಿಲೋವಾಟ್ ಫಲಕದಿಂದ ದಿನಕ್ಕೆ ಸರಾಸರಿ 4 ಯೂನಿಟ್ ಸಿಗುತ್ತದೆ. ಅಂದರೆ ಅಷ್ಟು ಚಾವಣಿಯಿಂದ ದಿನಕ್ಕೆ ಸುಮಾರು 1,600 ಯೂನಿಟ್. ಹಳೆಯ ಕ್ರೀಡಾಂಗಣದಲ್ಲೇ ಇದು ಸಾಧ್ಯವಾಗಿರುವಾಗ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟುವವರಿಗೆ ನೆಪ ಹೇಳಲು ಅವಕಾಶವೇ ಇಲ್ಲ.

ಆದರೆ ಉತ್ಪಾದಿಸುವುದಕ್ಕಿಂತ ಮೊದಲು ಖರ್ಚು ತಗ್ಗಬೇಕು. ಒಳಾಂಗಣ ನೆಟ್ಸ್‌ಗೆಂದು ಎಲ್ಲೆಡೆ ಎಬ್ಬಿಸುವ ತಗಡಿನ ಶೆಡ್ಡನ್ನೇ ನೋಡಿ. ಮಧ್ಯಾಹ್ನದ ಹೊತ್ತಿಗೆ ಅದು ಕಾದು ಕೆಂಡವಾಗುತ್ತದೆ. ಆಮೇಲೆ ಏಸಿ ಬರುತ್ತದೆ, ಅದರ ಬಿಲ್ಲು ಕಟ್ಟಡ ಇರುವವರೆಗೂ ಬರುತ್ತದೆ. ಅದೇ ಚಾವಣಿಗೆ ಶಾಖ ತಡೆಯುವ ಪದರ ಕೊಟ್ಟು, ಮೇಲೆ ಬಿಳಿ ಬಣ್ಣ ಬಳಿದು, ಬಿಸಿಗಾಳಿ ಮೇಲಿನಿಂದ ಹೊರಹೋಗಲು ದಾರಿ ಬಿಟ್ಟು, ನಿಧಾನವಾಗಿ ತಿರುಗುವ ದೊಡ್ಡ ರೆಕ್ಕೆಯ ಫ್ಯಾನ್ ಹಾಕಿದರೆ ಬೆಂಗಳೂರು, ಮೈಸೂರಿನ ಹವೆಯಲ್ಲಿ ವರ್ಷದ ಬಹುಪಾಲು ದಿನ ಏಸಿಯ ಗೊಡವೆಯೇ ಇರದು. ಬೆಳಕೂ ಅಷ್ಟೇ. ಗರಗಸದ ಹಲ್ಲಿನಂಥ ಚಾವಣಿ ಮಾಡಿ ಕಿಟಕಿಗಳನ್ನು ಉತ್ತರಕ್ಕೆ ಇಟ್ಟರೆ ನೇರ ಬಿಸಿಲು ಒಳಗೆ ಬೀಳುವುದು ತೀರಾ ಕಡಿಮೆ, ಬ್ಯಾಟ್ಸ್‌ಮನ್ನನ ಕಣ್ಣು ಕುಕ್ಕುವುದಿಲ್ಲ. ಹಗಲಿನಲ್ಲಿ ದೀಪವೂ ಬೇಡ.

ಇಂದಿನ ಪಂದ್ಯಗಳು ರಾತ್ರಿ ನಡೆಯುತ್ತವೆ, ಅಭ್ಯಾಸವೂ ರಾತ್ರಿಯೇ ಆಗಬೇಕು ಎನ್ನುವ ಮಾತು ನ್ಯಾಯವಾದದ್ದೇ. ಅದಕ್ಕೆ ಎಲ್‌ಇಡಿ ಇದೆ. ಹಳೆಯ ಮೆಟಲ್ ಹ್ಯಾಲೈಡ್ ದೀಪ ಒಮ್ಮೆ ಆರಿದರೆ ಮತ್ತೆ ಪೂರ್ತಿ ಹೊತ್ತಿಕೊಳ್ಳಲು ಹಲವು ನಿಮಿಷ ಬೇಕು. ಹಾಗಾಗಿ ನಡುವೆ ಯಾರೂ ಆಡದಿದ್ದರೂ ಅದನ್ನು ಉರಿಯಲು ಬಿಡುತ್ತಾರೆ. ಎಲ್‌ಇಡಿಯನ್ನು ತಕ್ಷಣ ಆರಿಸಬಹುದು, ಮಂದ ಮಾಡಬಹುದು, ಆಡುವ ಮೂಲೆಗೆ ಮಾತ್ರ ಬೆಳಗಿಸಬಹುದು. ಟಿವಿ ಪ್ರಸಾರಕ್ಕೆ ಬೇಕಾದಷ್ಟು ಬೆಳಕು ಅಭ್ಯಾಸಕ್ಕೆ ಬೇಡ.

ಇನ್ನು ನೀರು. ಬೆಂಗಳೂರಿನಲ್ಲಿ ನೀರೆಂದರೆ ವಿದ್ಯುತ್ತೇ. ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ ನಮ್ಮ ನಲ್ಲಿಗೆ ತರುತ್ತಾರೆ. ಆ ನೀರನ್ನು ಹುಲ್ಲಿಗೆ ಚಿಮ್ಮಿಸುವುದು ಎರಡು ಪಟ್ಟು ನಷ್ಟ. 2024ರ ಮಾರ್ಚ್‌ನಲ್ಲಿ ಬರ ಬಿಗಿದಾಗ ಜಲಮಂಡಳಿ ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಆ ಬೇಸಿಗೆಯ ಐಪಿಎಲ್ ಪಂದ್ಯಗಳಿಗೆ ಚಿನ್ನಸ್ವಾಮಿ ಮೈದಾನಕ್ಕೆ ಸಂಸ್ಕರಿಸಿದ ನೀರು ಬಂತು. ಬರಗಾಲದಲ್ಲಿ ಮಾಡಿದ್ದನ್ನು ಎಲ್ಲ ಕಾಲಕ್ಕೂ ಮಾಡಬೇಕು. ಸ್ನಾನದ ನೀರು ಸಂಸ್ಕರಣೆಯಾಗಿ ಮೈದಾನಕ್ಕೆ, ಚಾವಣಿಯ ಮಳೆನೀರು ತೊಟ್ಟಿಗೆ ಹೋಗುವಂತೆ ಪೈಪುಗಳನ್ನು ಅಡಿಪಾಯದ ಜೊತೆಗೇ ಹಾಕಬೇಕು.

ಇದೆಲ್ಲ ಶ್ರೀಮಂತ ಕ್ಲಬ್‌ಗಳ ಮಾತು ಎನ್ನುವವರು ಇಂಗ್ಲೆಂಡಿನ ನೈಲ್ಸ್‌ವರ್ತ್ ಎಂಬ ಪುಟ್ಟ ಊರಿನ ಫಾರೆಸ್ಟ್ ಗ್ರೀನ್ ರೋವರ್ಸ್ ತಂಡವನ್ನು ನೋಡಲಿ. 2018ರಲ್ಲಿ ವಿಶ್ವಸಂಸ್ಥೆ ಅದನ್ನು ಕಾರ್ಬನ್ ತಟಸ್ಥ ಕ್ಲಬ್ ಎಂದು ಗುರುತಿಸಿದಾಗ ಅದು ಆಡುತ್ತಿದ್ದುದು ಅಲ್ಲಿನ ನಾಲ್ಕನೇ ದರ್ಜೆಯ ಲೀಗ್‌ನಲ್ಲಿ. ಸ್ಟ್ಯಾಂಡಿನ ಮೇಲೆ ಸೌರ ಫಲಕ, ಮೈದಾನಕ್ಕೆ ಮಳೆನೀರು, ಹುಲ್ಲು ಕತ್ತರಿಸಲು ಸೌರಶಕ್ತಿಯ ಯಂತ್ರ ಅವರಲ್ಲಿದ್ದವು.

ನಮ್ಮಲ್ಲಿ ನಿಯಮವೂ ಇಲ್ಲದಿಲ್ಲ. 2007ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು 100 ಕಿಲೋವಾಟ್ ಅಥವಾ ಅದಕ್ಕೂ ಹೆಚ್ಚು ಹೊರೆಯ ವಾಣಿಜ್ಯ ಕಟ್ಟಡಗಳಿಗಾಗಿಯೇ ಇದೆ. ಅದನ್ನು ಕನಿಷ್ಠ ಮಟ್ಟವೆಂದು ತಿಳಿದು ಅದಕ್ಕಿಂತ ಮೇಲೆ ಕಟ್ಟಬೇಕು. ಆರಂಭದಲ್ಲಿ ಒಂದಿಷ್ಟು ಹೆಚ್ಚು ಹಣ ಬೇಕಾಗಬಹುದು. ಆದರೆ ಮುಂದೆ ತಿಂಗಳ ಬಿಲ್ಲಿನಲ್ಲಿ ಉಳಿಯುವ ಹಣ ಜಿಲ್ಲೆಯ ಕಿರಿಯರ ತರಬೇತಿಗೆ ಹೋಗಲಿ.

ನೀವು ಕ್ರೀಡಾ ಸಂಸ್ಥೆಯ ಸದಸ್ಯರಾಗಿದ್ದರೆ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎದ್ದುನಿಂತು ಕೇಳಿ. ಅಭಿಮಾನಿಯಾಗಿದ್ದರೆ ತಂಡಕ್ಕೆ ಪತ್ರ ಬರೆಯಿರಿ. ಹೊಸ ಕೇಂದ್ರ ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್, ಎಷ್ಟು ಲೀಟರ್ ಕಾವೇರಿ ನೀರು ಬಳಸಲಿದೆ? ಗುದ್ದಲಿಪೂಜೆಗೆ ಮೊದಲೇ ಈ ಎರಡು ಅಂಕಿಗಳನ್ನು ಬರಹದಲ್ಲಿ ಕೊಡುವಂತೆ ಪಟ್ಟು ಹಿಡಿಯಿರಿ.