ಸಂಬಳವಿಲ್ಲದ ಸ್ವಾತಂತ್ರ್ಯ

ಅರಸೀಕೆರೆಯಲ್ಲಿ ಅಂಗಡಿ ಹಾಕಲು ಮುಂಗಡ ಬೇಕು. ಕೊಬ್ಬರಿ ವ್ಯಾಪಾರಕ್ಕೆ ಇಳಿಯಲು ಬಂಡವಾಳ ಬೇಕು. ಗಿರಣಿಯಲ್ಲಿ ಖಾಯಂ ಕೆಲಸ ಸಿಕ್ಕುವುದು ದುರ್ಲಭ. ಜೀವವಿಮೆ ಏಜೆಂಟನಾಗಲು ಮಾತ್ರ ಇದಾವುದೂ ಬೇಡ. ಹದಿನೆಂಟು ತುಂಬಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ಒಂದಿಷ್ಟು ತರಬೇತಿ ಪಡೆದು ಒಂದು ಪರೀಕ್ಷೆಗೆ ಕೂರಬೇಕು. ಅಷ್ಟಾದರೆ ನೀನೇ ಧಣಿ, ಯಾರ ಹಂಗೂ ಇಲ್ಲ ಎಂದು ಬೆನ್ನು ತಟ್ಟುವವರಿದ್ದಾರೆ. ಓದುಗರ ಮನೆಗಳಲ್ಲಿ ಈ ಯೋಚನೆ ಮಾಡುತ್ತಿರುವ ಹುಡುಗರಿದ್ದಾರೆಂದು ನಾವು ಬಲ್ಲೆವು. ಆದುದರಿಂದ ಈ ಸ್ವಾತಂತ್ರ್ಯವನ್ನು ಒಮ್ಮೆ ತಕ್ಕಡಿಗೆ ಹಾಕೋಣ.

ನಮ್ಮ ದೇಶದ ಕಾನೂನಿನಲ್ಲಿ ಏಜೆಂಟನೆಂದರೆ ಒಂದು ಕಂಪನಿಗೆ ಕಟ್ಟಿಹಾಕಿದವನು. ಒಂದು ಜೀವವಿಮಾ ಸಂಸ್ಥೆ, ಒಂದು ಸಾಮಾನ್ಯ ವಿಮಾ ಸಂಸ್ಥೆ, ಒಂದು ಆರೋಗ್ಯ ವಿಮಾ ಸಂಸ್ಥೆ. ಅದಕ್ಕಿಂತ ಹೆಚ್ಚಿನವರ ಸರಕನ್ನು ಮುಂದಿಟ್ಟು ಗಿರಾಕಿಗೆ ಒಪ್ಪುವುದನ್ನು ಆರಿಸಿಕೊಡಲು ಆತನಿಗೆ ಅಧಿಕಾರವಿಲ್ಲ. ಗಿರಾಕಿಯ ಪರವಾಗಿ ನಿಂತು ಎಲ್ಲ ಕಂಪನಿಗಳನ್ನೂ ಜಾಲಾಡುವವನು ಬ್ರೋಕರ್. ಅದಕ್ಕೆ ಲೈಸೆನ್ಸು ಬೇಕಾದರೆ ಕನಿಷ್ಠ 75 ಲಕ್ಷ ರೂಪಾಯಿ ಬಂಡವಾಳ ತೋರಿಸಬೇಕು. ಹಣವಿದ್ದವನು ಸ್ವತಂತ್ರ, ಇಲ್ಲದವನು ಏಜೆಂಟ.

ಸಂಬಳವಿಲ್ಲ, ಪ್ರಾವಿಡೆಂಟ್ ಫಂಡು ಇಲ್ಲ, ಇ.ಎಸ್.ಐ. ಇಲ್ಲ. ಬಾಣಾವರ, ಜಾವಗಲ್, ಗಂಡಸಿ, ಕಣಕಟ್ಟೆ ಸುತ್ತುವ ಬಸ್ ಚಾರ್ಜು ಕೈಯಿಂದಲೇ. ಜೀವವಿಮಾ ನಿಗಮದ ಏಜೆಂಟನಾದರೆ ವರ್ಷಕ್ಕೆ ಕನಿಷ್ಠ 12 ಜೀವಗಳನ್ನು ವಿಮೆಗೆ ತರಲೇಬೇಕು. ಧಣಿಯಿಲ್ಲ ಎಂಬುದು ಸುಳ್ಳು. ಧಣಿಗೆ ಹೊಣೆಯಿಲ್ಲ ಎಂಬುದು ನಿಜ. ನಿಗಮದ ಏಜೆಂಟರಿಗೆ ಗ್ರಾಚ್ಯುಯಿಟಿ ಉಂಟು, 2023ರಲ್ಲಿ ಅದರ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಅದೂ ಏಜೆಂಟರ ಸಂಘಗಳು ಕೇಳಿ ಕೇಳಿ ಪಡೆದದ್ದು.

ಇನ್ನು ಕಮಿಷನ್ನಿನ ಲೆಕ್ಕ. ನಿಗಮದ ದೀರ್ಘಾವಧಿ ಪಾಲಿಸಿಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿಯೆಂದರೆ, ಮೊದಲ ವರ್ಷ ನೂರಕ್ಕೆ 25, ಎರಡು ಮತ್ತು ಮೂರನೆಯ ವರ್ಷ ಏಳೂವರೆ, ಆಮೇಲೆ 5. ತಿಂಗಳಿಗೆ ಸಾವಿರ ರೂಪಾಯಿ ಕಟ್ಟುವ ಗಿರಣಿ ಕಾರ್ಮಿಕನೊಬ್ಬನನ್ನು ಇಟ್ಟುಕೊಳ್ಳಿ. ವರ್ಷಕ್ಕೆ 12,000. ಬೋನಸ್ ಕಮಿಷನ್ ಬಿಟ್ಟರೆ ಏಜೆಂಟನಿಗೆ ಮೊದಲ ವರ್ಷ 3,000, ಮುಂದಿನ ಎರಡು ವರ್ಷ 900ರಂತೆ, ನಂತರ ವರ್ಷವರ್ಷ 600. ಹೊಸ ಹುಡುಗನ ಮನೆಯಲ್ಲಿ ಒಲೆ ಉರಿಯುವುದು ಆ 3,000ದಿಂದಲೇ. ಹಾಗಾಗಿ ಆತ ಮೊದಲು ಯಾರ ಬಾಗಿಲು ತಟ್ಟುತ್ತಾನೆ? ಸೋದರಮಾವ, ಭಾವಮೈದುನ, ಅಪ್ಪನ ಜೊತೆ ಗಿರಣಿಯಲ್ಲಿ ದುಡಿಯುವವರು, ಎದುರು ಅಂಗಡಿಯವರು. ಅವರು ದಾಕ್ಷಿಣ್ಯಕ್ಕೆ ಸಹಿ ಹಾಕುತ್ತಾರೆ. ಗಿರಣಿಯಲ್ಲಿ ಪಾಳಿ ಕಡಿಮೆಯಾದ ತಿಂಗಳು ಕಂತು ನಿಲ್ಲುತ್ತದೆ. ಹಿಂದೆ ಎರಡು ಮೂರು ವರ್ಷ ತುಂಬುವ ಮೊದಲೇ ನಿಲ್ಲಿಸಿದವನಿಗೆ ಬಿಡಿಗಾಸೂ ಮರಳುತ್ತಿರಲಿಲ್ಲ. 2024ರ ಅಕ್ಟೋಬರ್ 1ರ ನಂತರದ ಪಾಲಿಸಿಗಳಲ್ಲಿ ಒಂದು ವರ್ಷದ ಕಂತು ಪೂರ್ತಿ ಕಟ್ಟಿದವನಿಗೂ ಏನಾದರೂ ಮರಳಬೇಕೆಂಬ ನಿಯಮ ಬಂದಿದೆ. ಆಗಲೇ ನಿಗಮವು ಮೊದಲ ವರ್ಷದ ಕಮಿಷನ್ನನ್ನು ಇಳಿಸಿತು, ಏಜೆಂಟರು ಪ್ರತಿಭಟಿಸಿದರು.

ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಮೇಲಿನ ಲೆಕ್ಕವನ್ನೇ ಕೊನೆಯತನಕ ಕೂಡಿ ನೋಡಿ. ಅದೇ ಪಾಲಿಸಿ 20 ವರ್ಷ ನಡೆದರೆ ಏಜೆಂಟನಿಗೆ 15,000. ಒಂದೇ ವರ್ಷಕ್ಕೆ ಸತ್ತರೆ 3,000, ಮೇಲೆ ನೆಂಟಸ್ತಿಕೆಯೂ ಹೋಯಿತು. ಕಟ್ಟುವವನ ಹಿತ, ಕಟ್ಟಿಸುವವನ ಹಿತ ಎರಡೂ ಕೂಡುವುದು ಪಾಲಿಸಿ ಬದುಕಿದರೆ ಮಾತ್ರ.

1956ರ ಜನವರಿ 19ರಂದು ಹಣಕಾಸು ಸಚಿವ ಸಿ. ಡಿ. ದೇಶಮುಖರು ಜೀವವಿಮೆಯನ್ನು ಸರ್ಕಾರದ ಕೈಗೆ ತೆಗೆದುಕೊಂಡರು. 154 ಭಾರತೀಯ ಕಂಪನಿಗಳು, 16 ವಿದೇಶಿ ಕಂಪನಿಗಳು, 75 ಪ್ರಾವಿಡೆಂಟ್ ಸೊಸೈಟಿಗಳು ಸೇರಿ ಆ ಸೆಪ್ಟೆಂಬರ್ 1ರಂದು ನಿಗಮವಾಯಿತು. ಜನರ ಕಂತಿನ ಹಣ ಸಾಹುಕಾರರ ಜೂಜಿಗೆ ಬೀಳಬಾರದೆಂಬ ಆ ಕ್ರಮ ಸರಿಯಾದದ್ದೇ. ಮರುವರ್ಷವೇ ಮುಂದ್ರಾನ ಕಂಪನಿಗಳಿಗೆ ಒಂದೂಕಾಲು ಕೋಟಿಯಷ್ಟು ಹಣ ಹರಿಯಿತು, ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಅದನ್ನು ಹೊರಗೆಳೆದರು, 1958ರಲ್ಲಿ ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. 1999ರ ಕಾಯಿದೆಯಿಂದ ಖಾಸಗಿಯವರಿಗೆ ಮತ್ತೆ ಬಾಗಿಲು ತೆರೆಯಿತು. ಇಷ್ಟೆಲ್ಲ ಆದರೂ ಬಾಗಿಲು ತಟ್ಟುವವನ ಕೂಲಿಯ ಪದ್ಧತಿ ಮಾತ್ರ ಹಳೆಯದೇ ಉಳಿಯಿತು. ಖಜಾನೆ ರಾಷ್ಟ್ರೀಕರಣವಾಯಿತು, ಹೊಸ್ತಿಲು ಆಗಲಿಲ್ಲ.

ಹಾಗಾದರೆ ಈ ಕೆಲಸ ಬೇಡವೇ? ಬೇಡವೆನ್ನುವುದಿಲ್ಲ. ಹಿಡಿದವನು ಹೇಗೆ ಹಿಡಿಯಬೇಕೆಂದು ಹೇಳುತ್ತೇವೆ. ಕೂಲಿಯವನ ಮನೆಗೆ ಹೋದಾಗ ಮೊದಲು ಬ್ಯಾಂಕಿನಲ್ಲಿ ವರ್ಷಕ್ಕೆ 436 ರೂಪಾಯಿಗೆ ದೊರೆಯುವ 2 ಲಕ್ಷದ ಜೀವನ ಜ್ಯೋತಿ ವಿಮೆಯನ್ನೂ, 20 ರೂಪಾಯಿಯ ಅಪಘಾತ ವಿಮೆಯನ್ನೂ ತಿಳಿಸಲಿ. ಅದರಿಂದ ತನ್ನ ಜೇಬು ತುಂಬದಿದ್ದರೂ ತಿಳಿಸಲಿ, ಆ ಮನೆಯವರು ಮುಂದೆ ಆತನನ್ನೇ ಕರೆಯುತ್ತಾರೆ. ಕೊಬ್ಬರಿ ಮಾರಿದಾಗ ಮಾತ್ರ ಹಣ ಕಾಣುವವನಿಗೆ ತಿಂಗಳ ಕಂತು ಬರೆಸದೆ ಆ ಕಾಲಕ್ಕೆ ವರ್ಷದ ಕಂತು ಬರೆಸಲಿ. ಸಕ್ಕರೆ ಕಾಯಿಲೆಯಿದ್ದವನ ಅರ್ಜಿಯಲ್ಲಿ ಕಾಯಿಲೆಯಿಲ್ಲವೆಂದು ಗೀಚುವುದು ಮಹಾಪಾಪ. ಮೂರು ವರ್ಷದೊಳಗೆ ಆತ ತೀರಿಕೊಂಡರೆ ಕಂಪನಿ ಅದನ್ನೇ ಹಿಡಿದು ಹಣ ನಿರಾಕರಿಸಬಹುದು, ವಿಧವೆ ಕಚೇರಿ ಅಲೆಯಬೇಕು. ಸಾಲದ ಮೇಲೆ ವ್ಯಾಪಾರ ಮಾಡುವವರಿಗೆ 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯನ್ನು ತಿಳಿಸಲಿ. ಹೆಂಡತಿ ಮಕ್ಕಳ ಹೆಸರಿಗೆ ಅದರಡಿ ಮೊದಲೇ ಬರೆಸಿದ ಪಾಲಿಸಿಯ ಹಣವನ್ನು, ಮೋಸದ ಉದ್ದೇಶವಿಲ್ಲದಿದ್ದಲ್ಲಿ, ಸಾಲ ಕೊಟ್ಟವರು ಜಪ್ತಿ ಮಾಡಿಸುವಂತಿಲ್ಲ.

ನಮ್ಮ ವ್ಯಾಪಾರಿ ಮಿತ್ರರು ಕೋಪಿಸಿಕೊಳ್ಳಬಾರದು, ಅವರಿಗೂ ಒಂದು ಮಾತು. ಮೊದಲ ಕಂತಿನಲ್ಲಿ ನಿನ್ನ ಕಮಿಷನ್ ಬಿಟ್ಟುಕೊಡು ಎಂದು ಚೌಕಾಸಿ ಮಾಡುವುದು ಗಿರಣಿ ಕಾರ್ಮಿಕನಲ್ಲ, ನೀವೇ. ವಿಮಾ ಕಾಯಿದೆಯ 41ನೆಯ ಕಲಮಿನಂತೆ ಕೊಟ್ಟವನೂ ತಪ್ಪಿತಸ್ಥ, ತೆಗೆದುಕೊಂಡವನೂ ತಪ್ಪಿತಸ್ಥ. ದಂಡ 10 ಲಕ್ಷದವರೆಗೂ ಹೋಗಬಹುದು. ದಂಡದ ಮಾತು ಹಾಗಿರಲಿ, ನಿಮ್ಮ ಅಂಗಡಿಯ ಲಾಭವನ್ನು ಗಿರಾಕಿ ಹೀಗೆ ಕೇಳಿದರೆ ಕೊಡುತ್ತೀರಾ?

2024ರ ಡಿಸೆಂಬರ್‌ನಲ್ಲಿ ನಿಗಮವು ಹೆಂಗಸರಿಗಾಗಿ ‘ಬಿಮಾ ಸಖಿ’ ಎಂಬ ಯೋಜನೆ ತಂದಿದೆ. ಮೊದಲ ವರ್ಷ ತಿಂಗಳಿಗೆ 7,000 ರೂಪಾಯಿ, ಎರಡನೆಯ ವರ್ಷ 6,000, ಮೂರನೆಯ ವರ್ಷ 5,000, ಕಮಿಷನ್ ಬೇರೆ. ಮೊದಲ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ನೂರಕ್ಕೆ 65ಾದರೂ ಚಾಲ್ತಿಯಲ್ಲಿದ್ದರೆ ಮಾತ್ರ ಎರಡನೆಯ ವರ್ಷದ ಹಣವೆಂಬ ಷರತ್ತೂ ಇದೆ. ಇದು ಖಾಯಂ ನೌಕರಿಯಲ್ಲ ನಿಜ. ಆದರೆ ಹೊಸಬರಿಗೆ ತಿಂಗಳ ಹಣ ಕೊಡಲು ಸಾಧ್ಯವೆಂದೂ, ಅದನ್ನು ಪಾಲಿಸಿಯ ಆಯುಸ್ಸಿಗೆ ಗಂಟುಹಾಕಬಹುದೆಂದೂ ನಿಗಮವೇ ಒಪ್ಪಿಕೊಂಡಂತಾಯಿತು. ಹೆಂಗಸರಿಗೆ ಕೊಟ್ಟದ್ದು ಬಹಳ ಸರಿ. ಗಿರಣಿ ಮುಚ್ಚಿ ಬೀದಿಗೆ ಬಿದ್ದವನಿಗೂ, ಕೆಲಸವಿಲ್ಲದೆ ಅಲೆಯುವ ಹುಡುಗನಿಗೂ ಅದೇ ಷರತ್ತಿನ ಮೇಲೆ ಅದೇ ಹಣ ಏಕಿಲ್ಲ? ಖಾಸಗಿ ಕಂಪನಿಗಳಿಗೂ ಇದನ್ನು ಕಡ್ಡಾಯ ಏಕೆ ಮಾಡಬಾರದು? ಗ್ರಾಚ್ಯುಯಿಟಿ ಗೆದ್ದ ಏಜೆಂಟರ ಸಂಘಗಳು ಇನ್ನು ಈ ಬೇಡಿಕೆಯನ್ನು ಕೈಗೆತ್ತಿಕೊಳ್ಳಲಿ.